ನಗುವಿಗೆ ಬಿಟ್ಟ ಜಾಗ

೧೯೦೩ರ ಮಾರ್ಚ್ ೧೧, ಬುಧವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಹಾಸ್ಯಗಾಯಕ ಆರ್ವಿಲ್ ಪಿನ್ನಿಯ ಹಾಡು ಮುದ್ರಿಸುತ್ತಿದ್ದ ಎರಡನೆಯ ಮೇಣದ ಉರುಳೆಯೂ ಹಾಳಾಯಿತು. ಹಾಡಿನ ಕೊನೆಯ ಸಾಲು ಬಾಯಲ್ಲಿರುವಾಗಲೇ ಸೂಜಿ ಅಂಚು ತಲುಪಿತ್ತು. ಉರುಳೆ ಹಿಡಿಯುವುದು ಎರಡೇ ನಿಮಿಷದ ಹಾಡು. ನ್ಯೂಯಾರ್ಕಿನ ಆ ಮಹಡಿ ಕೋಣೆಯಲ್ಲಿ, ಕೊಂಬಿನ ಬಾಯಿಗೆ ಹಾಡಿದ್ದನ್ನು ಸೂಜಿಯಿಂದ ಮೇಣದ ಮೇಲೆ ಗೆರೆಯಾಗಿ ಕೊರೆಯುವ ಧ್ವನಿಯಂತ್ರ ನಡೆಸುವವನು ಲೆಂಟ್ಸ್.

“ಕಾಯಿಸಿ ಮೆದು ಮಾಡಿಟ್ಟಿರೋದು ಇನ್ನೊಂದೇ ಉರುಳೆ, ಪಿನ್ನಿಯವ್ರೇ. ಇದೂ ಕೆಟ್ರೆ ಮಧ್ಯಾಹ್ನ ಕಂಪನಿಯವ್ರು ಈ ಹಾಡನ್ನ ಬೇರೆಯವ್ರ ಕೈಲಿ ಹಾಡಿಸ್ತಾರಂತೆ. ಮೂರನೇ ಚರಣ ಬಿಟ್ಬಿಡಿ.”

“ಹಾಡಿನ ರೈತ ಟ್ರಾಮನ್ನ ಕುದುರೆ ಅಂದ್ಕೊಂಡು ಅದರ ಮೂತಿಗೆ ಹುಲ್ಲು ಹಿಡಿಯೋದೇ ಅಲ್ಲಿ. ಅದನ್ನ ಬಿಟ್ರೆ ಅವನು ಪೇಟೆಗೆ ಬಂದಿದ್ದು ಯಾಕೆ?”

“ಮತ್ತೆ ನಡುನಡುವೆ ಬಾಯಿ ಮುಚ್ಕೊಂಡು ಯಾರಿಗೆ ಕಾಯ್ತೀರಿ?”

“ನಗೋರಿಗೆ.”

“ಇಲ್ಲಿ ಕೇಳೋರು ನಾನು, ಕೋರಾ ಇಬ್ರೇ. ನಾವು ನಕ್ರೆ ಅದೂ ಮೇಣದ ಮೇಲೆ ಕೂತ್ಬಿಡುತ್ತೆ.”

“ನಾನಂತೂ ಎರಡನೇ ಸಲಕ್ಕೇ ನಗೋದು ಬಿಟ್ಟೆ,” ಎಂದಳು ಪಿಯಾನೊ ಮುಂದಿದ್ದ ಕೋರಾ, ತಿರುಗಿಯೂ ನೋಡದೆ.

ಪಿನ್ನಿ ಎದೆಗುಂದಲಿಲ್ಲ. ಹದಿನೆಂಟು ವರ್ಷ ರಂಗದ ಮೇಲೆ ಅದೇ ರೈತನಾಗಿ ನಿಂತವನು. ಎಂಟುನೂರು ಜನ ನಾಲ್ಕು ಸೆಕೆಂಡು ನಗುತ್ತಾರೆ. ಅಷ್ಟರೊಳಗೆ ಬಾಯಿ ತೆರೆದರೆ ಮುಂದಿನ ಸಾಲು ಮುಳುಗಿತು. ಈ ಹಾಡಿನಲ್ಲಿ ಅಂಥ ಜಾಗ ಆರು. ಆದರೆ ಉರುಳೆ ಕೇಳುವವನು ತನ್ನ ಮನೆಯಲ್ಲಿ ಒಬ್ಬನೇ ಕೂತಿರುತ್ತಾನೆ. ಅವನು ಎಷ್ಟು ಹೊತ್ತು ನಗುತ್ತಾನೆ? ಅದನ್ನು ಯಾರೂ ಅಳೆದಿರಲಿಲ್ಲ.

“ಲೆಂಟ್ಸ್, ಸೂಜಿ ತನ್ನ ಪಾಡಿಗೆ ತಾನು ಓಡ್ಲಿ. ಕೊಂಬಿನ ಪಕ್ಕ ನಿಂತು ನನ್ನ ಮುಖ ನೋಡು. ನಗು ಬಂದ್ರೆ ಹೊಟ್ಟೆಯೊಳಗೇ ನಗು.”

“ನನಗೆ ನಗು ಬರೋದು ಕಮ್ಮಿ.”

“ಅದನ್ನ ನನಗೆ ಬಿಡು.”

ಬಾಯಿ ಕೊಂಬಿಗೆ, ಕಣ್ಣು ಲೆಂಟ್ಸ್‌ಗೆ. ಮೊದಲ ಚರಣಕ್ಕೆ ಲೆಂಟ್ಸ್ ತುಟಿ ಕಚ್ಚಿದ, ಭುಜ ಕುಲುಕಿತು. ಹಾಡೂ ಪಿಯಾನೊವೂ ತಡೆದು ನಿಂತವು. ಭುಜ ನಿಂತೊಡನೆ ಪಿನ್ನಿ ಮುಂದಿನ ಸಾಲು ಎತ್ತಿಕೊಂಡ. ಮೂರನೆಯ ಚರಣದಲ್ಲಿ ಟ್ರಾಮು ಹುಲ್ಲು ಮುಟ್ಟದಿದ್ದಾಗ ಹಾಡಿನ ರೈತ “ಪಾಪ, ಹಲ್ಲು ನೋವೇನೋ” ಎಂದು ಬಗ್ಗಿ ನೋಡಿದ. ಲೆಂಟ್ಸ್ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡ. ಕೊನೆಯ ಸಾಲು ಮುಗಿದಾಗ ಸೂಜಿ ಇನ್ನೂ ಮೇಣದ ಮೇಲೇ ಓಡುತ್ತಿತ್ತು.

ಲೆಂಟ್ಸ್ ಕಣ್ಣೊರೆಸಿಕೊಂಡು ಉರುಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದ. ದನಿಗೆ ನಡುಗಿದ ಗೆರೆಗಳ ನಡುವೆ, ಹಾಡು ತಡೆದು ನಿಂತ ಆರು ಕಡೆ ಗೆರೆ ನುಣುಪಾಗಿತ್ತು. ಅವನು ಆ ನುಣುಪಾದ ಸುತ್ತುಗಳನ್ನು ಎಣಿಸಿದ, ಮತ್ತೊಮ್ಮೆ ಎಣಿಸಿದ. ಒಬ್ಬ ಮನುಷ್ಯನ ನಗುವಿಗೆ ಉರುಳೆಯ ನಾಲ್ಕು ಸುತ್ತು: ಒಂದೂವರೆ ಸೆಕೆಂಡು.