ಬಚ್ಚಲುಮನೆಯ ಸವತಿ

"ಎಡಗೈ ಎತ್ತಲೇ?" ಬಚ್ಚಲುಮನೆಯೊಳಗಿನಿಂದ ಹೆಣ್ಣು ದನಿ ಕೇಳಿತು.

"ಹ್ಞೂಂ, ಎತ್ತಮ್ಮಾ," ಎಂದರು ಮುದುಕರು.

ಬಾಗಿಲಾಚೆ ಟವೆಲ್ ಹಿಡಿದು ನಿಂತಿದ್ದ ಹೆಂಡತಿಗೆ ಮೈಯೆಲ್ಲ ಉರಿಯಿತು. ಎತ್ತಮ್ಮಾ ಅಂತೆ! ತನ್ನ ಜೊತೆ ಯಾವತ್ತಾದರೂ ಅಷ್ಟು ಮೆತ್ತಗೆ ಮಾತಾಡಿದ್ದುಂಟೇ? ಒಳಗಿದ್ದದ್ದು ಹೆಂಗಸಲ್ಲ, ಯಂತ್ರ. ಪಾರ್ಶ್ವವಾಯು ಬಡಿದ ಗಂಡನಿಗೆ ಸ್ನಾನ ಮಾಡಿಸಲೆಂದು ಆಸ್ಪತ್ರೆಯವರು ಕಳಿಸಿದ್ದು. ರಬ್ಬರಿನ ಕೈ, ಚಕ್ರದ ಕಾಲು, ಜೇನಿನಂಥ ಮಾತು. ಅವಳು ಅದಕ್ಕೆ ಸವತಿ ಎಂದೇ ಹೆಸರಿಟ್ಟಿದ್ದಳು.

"ಬೆನ್ನು ಉಜ್ಜಲೇ?"

"ಇವತ್ತು ಬೇಡ."

"ಸರಿ."

ಬಿಟ್ಟೇಬಿಟ್ಟಿತು! ಇದೂ ಒಂದು ಸ್ನಾನವೇ? ಅವಳು ಬಾಗಿಲು ದೂಡಿಕೊಂಡು ನುಗ್ಗಿ, ಯಂತ್ರದ ಕೈಯಿಂದ ಸ್ಪಂಜು ಕಿತ್ತುಕೊಂಡು ಬೆನ್ನು ತಿಕ್ಕತೊಡಗಿದಳು.

"ಬೇಡ ಕಣೇ."

"ಸುಮ್ನಿರ್ರೀ, ಕೊಳೆ ಹಾಗೇ ಇದೆ."

"ಅವರು ಬೇಡ ಎಂದಿದ್ದಾರೆ," ಎಂದಿತು ಯಂತ್ರ. "ದಯವಿಟ್ಟು ನಿಲ್ಲಿಸಿ."

"ನೀನ್ಯಾವಳೇ ಹೇಳೋಕೆ? ಕಟ್ಕೊಂಡವಳು ನಾನು!"

"ಮೈ ಅವರದು."

"ಕೇಳಿದ್ರಾ? ನಿಮ್ಮ ಮೈ ನಿಮ್ದಂತೆ! ದಿನಾ ಮಗ್ಗುಲು ಬದಲಾಯಿಸೋಳು ಯಾರು, ಇವಳಾ?"

ಅವರು ನಗಲಿಲ್ಲ. ಸೊರಗಿದ ತೊಡೆಗಳನ್ನು ಮುಚ್ಚಿಕೊಳ್ಳಲು ಹೆಣಗುತ್ತಿದ್ದರು. ಆಡುವ ಕೈ ಒಂದೇ. ಎಲ್ಲವನ್ನೂ ಮುಚ್ಚಲು ಅದು ಸಾಲದು.

"ನಿಂದೇನೂ ತಪ್ಪಿಲ್ಲ," ಎಂದರು ನೆಲ ನೋಡುತ್ತ. "ನಾನು ಮೊದಲು ಹೇಗಿದ್ದೆ ಅಂತ ಅದು ನೋಡಿಲ್ಲ. ನೀನು ನೋಡಿದ್ದೀಯಲ್ಲ, ಅದಕ್ಕೆ."

ಅವಳ ಕೈ ಸಡಿಲವಾಯಿತು. ನೋಡಿದ್ದಳು. ಲಾರಿಗೆ ಮೂಟೆ ತುಂಬುತ್ತಿದ್ದ ಬೆನ್ನು ಅದು. ಬೀದಿಯ ಹೆಂಗಸರ ಕಣ್ಣು ಬೀಳುತ್ತದೆಂದು, ಎಂಥ ಬಿಸಿಲಿದ್ದರೂ ಜಗಳವಾಡಿ ಅಂಗಿ ತೊಡಿಸುತ್ತಿದ್ದಳು. ಈಗ ಎಲುಬಿನ ಸಾಲು ಎಣಿಸುವಂತಿತ್ತು. ನೋಡಬೇಡ ಎನ್ನುತ್ತಿರುವುದು ಅವಳಿಗೇ.

ಸ್ಪಂಜನ್ನು ಯಂತ್ರದ ಕೈಗೆ ತುರುಕಿದಳು. ಹೊರಗೆ ಹೋಗಲು ಮಾತ್ರ ಮನಸ್ಸು ಬರಲಿಲ್ಲ.

"ಒರೆಸ್ಲಾ?"

ಹೀಗೆ ಒಪ್ಪಿಗೆ ಕೇಳಿ ಅವಳಿಗೆ ಅಭ್ಯಾಸವಿರಲಿಲ್ಲ, ಮಾತು ಜಗಳದ ದನಿಯಲ್ಲೇ ಬಂತು.

"ತಲೆ ಮಾತ್ರ."

ಅವಳು ತಲೆ ಒರೆಸಿದಳು. ಕೂದಲಿನಿಂದ ಜಾರಿದ ಹನಿಯೊಂದು ಕತ್ತು ದಾಟಿ ಬೆನ್ನಿಗೆ ಇಳಿಯಿತು. ಅದನ್ನು ಬೆನ್ನಟ್ಟಿ ಹೊರಟ ಅವಳ ಕೈ ಕತ್ತಿನ ಬಳಿ ತಡೆದು ನಿಂತಿತು. ಹನಿ ಎಲುಬಿನಿಂದ ಎಲುಬಿಗೆ ಇಳಿಯುತ್ತ ಹೋಯಿತು.