ಕಾಗೆ ಮುಟ್ಟದ ಎಡೆ

ಬಿಸಿಲು ಮಾಳಿಗೆಯ ಮೇಲೆ ಬಂದು ಒಂದು ತಾಸಾಯಿತು, ಕಾಗೆ ಮಾತ್ರ ಬರಲಿಲ್ಲ. ಬೇರೆ ದಿನ ಕಮಳಾಬಾಯಿ ನಾಲ್ಕು ಶೇಂಗಾ ಒಣಹಾಕಿದರೆ ಸಾಕು, ಕುಂಭಾರಿ ಊರಿನ ಕಾಗೆಗಳೆಲ್ಲ ಬೀಗರ ಹಾಗೆ ಬಂದು ಸಾಲು ಹಿಡಿದು ಕೂಡುತ್ತಿದ್ದವು. ಕೋಲು ಹಿಡಿದು ಓಡಿಸಿದರೂ ಹೋಗುತ್ತಿರಲಿಲ್ಲ. ಇವತ್ತು ಮಗ ನಿತಿನ ತೀರಿಕೊಂಡ ಮೂರನೆಯ ದಿನ. ಅವನ ಹೆಸರಿನಲ್ಲಿ ಎಲೆಯ ಮೇಲೆ ಜೋಳದ ಭಾಕ್ರಿ, ಶೇಂಗಾ ಹಿಂಡಿಯ ಚಟ್ನಿ ಬಡಿಸಿ ಎಡೆ ಇಟ್ಟಿದ್ದಾರೆ. ಹಾಳಾದವು, ಒಂದಾದರೂ ಇತ್ತ ಸುಳಿಯಬಾರದೇ! ಎದುರಿನ ಬೇವಿನ ಮರದಲ್ಲಿ ಎರಡು ಕೂತು ಎಡೆಯನ್ನೇ ನೋಡುತ್ತಿದ್ದವು, ಕೆಳಗೆ ಇಳಿಯುತ್ತಿರಲಿಲ್ಲ.

ಕಾಗೆ ಮುಟ್ಟಲಿಲ್ಲವೆಂದರೆ ಸತ್ತವನ ಮನಸ್ಸಿನಲ್ಲಿ ಏನೋ ಉಳಿದುಬಿಟ್ಟಿದೆ ಎಂದೇ ಅರ್ಥ. ಅದೇನೆಂದು ಊಹಿಸಿ, ನಡೆಸಿಕೊಡುತ್ತೇವೆ ಎಂದು ಮನೆಯವರು ಮಾತು ಕೊಡಬೇಕು. ಅಲ್ಲಿಯವರೆಗೆ ಯಾರೂ ಉಣ್ಣುವ ಹಾಗಿಲ್ಲ.

"ನಿನ್ನ ನಾಯಿಗಿ ದಿನಾ ನಾನ ಹಾಲು ಹಾಕತೀನಪಾ," ಎಂದ ತಂದೆ ಖಂಡಪ್ಪ ಕೈಮುಗಿದು. ಆ ನಾಯಿಯನ್ನು ಮಗ ಮನೆಗೆ ತಂದ ದಿನ ಅದನ್ನೂ ಅವನನ್ನೂ ಹೊರಗೆ ಹಾಕಲು ಹೊರಟವನು ಇವನೇ.

"ಪ್ರಣಿತಾನ ಕಾಲೇಜ ಬಿಡಸಂಗಿಲ್ಲ, ನಿತಿನಾ. ಆಕಿ ಎಷ್ಟು ಕಲೀತಾಳ ಅಷ್ಟು ಕಲೀಲಿ," ಎಂದು ದೊಡ್ಡಪ್ಪ ಅಣ್ಣಾರಾಯ ಗಟ್ಟಿಯಾಗಿ ಹೇಳಿದ. ನಿತಿನನ ತಂಗಿ ಪ್ರಣಿತಾ ತಲೆ ತಗ್ಗಿಸಿದಳು. ಮರದ ಮೇಲಿನ ಕಾಗೆ ಕತ್ತು ಕೊಂಕಿಸಿತು, ಅಷ್ಟೇ.

ಕಮಳಾಬಾಯಿ ಮಾತ್ರ ಬಾಯಿ ಬಿಡಲಿಲ್ಲ. ಅವನ ಮನಸ್ಸಿನಲ್ಲಿ ಉಳಿದದ್ದು ಏನೆಂದು ಅವಳಿಗೆ ಗೊತ್ತಿತ್ತು. ಅಕ್ಕಲಕೋಟಕ್ಕೆ ದರ್ಶನಕ್ಕೆ ಕರೆದೊಯ್ಯುತ್ತೇನೆಂದು ಹೇಳಿ ಸಾಯುವ ಹಿಂದಿನ ದಿನ ಮರೆತೇಬಿಟ್ಟಿದ್ದ. ಅವಳು ಹೊಸ ಸೀರೆ ಉಟ್ಟು ಸಂಜೆಯವರೆಗೆ ಹೊಸ್ತಿಲಲ್ಲಿ ಕೂತಿದ್ದಳು. ಮರುದಿನ ಬೆಳಿಗ್ಗೆ ಸೊಲ್ಲಾಪುರದ ಟಾವೆಲ್ ಕಾರ್ಖಾನೆಗೆ ಹೊರಟವನು, "ಯವ್ವಾ, ಬಿಸಿ ಭಾಕ್ರಿ ಹಾಕು," ಎಂದು ಬಿಸಿ ರೊಟ್ಟಿಗೆ ಒಲೆಯ ಮುಂದೆ ಬಂದು ಕೂತ. "ಡಬ್ಬ್ಯಾಗ ಕಡಕ ಭಾಕ್ರಿ ಬಿದ್ದಾವ. ತಿಂದ್ರ ತಿನ್ನು, ಬಿಟ್ರ ಬಿಡು," ಎಂದುಬಿಟ್ಟಳು. ಅವನು ಏನೂ ತಿನ್ನದೆ ಎದ್ದು ಗಾಡಿ ಚಾಲೂ ಮಾಡಿಕೊಂಡು ಹೋದ. ಸೊಲ್ಲಾಪುರ ಮುಟ್ಟುವ ಮೊದಲೇ ಟ್ರಕ್ಕು ಬಡಿಯಿತು. ಈ ಭಾಕ್ರಿಯ ಮಾತು ಅವಳು ಯಾರಿಗೂ ಹೇಳಿರಲಿಲ್ಲ. ಅಂದಿನಿಂದ ಒಂದಗುಳು ಬಾಯಿಗೆ ಹಾಕಿರಲಿಲ್ಲ.

"ಅಂವಗ ಏನೂ ಬ್ಯಾಡ್ರಿ ಭಾವಾರ," ಎಂದಳು ಕಡೆಗೆ. "ನನ್ನ ಮ್ಯಾಲ ಸಿಟ್ಟಾಗ್ಯಾನ. ಬಿಸಿ ಭಾಕ್ರಿ ಕೇಳಿದ್ದ, ನಾ ಹಾಕಲಿಲ್ಲ. ಹಸದ ಹೊಟ್ಟೀಲೆ ಕಳಿಸೀನಿ. ಈಗ ನನ್ನ ಕೈಯಾಂದು ಹ್ಯಾಂಗ ಮುಟ್ಟಾನ್ರಿ?"

ಅಣ್ಣಾರಾಯ ಬಿಸಿಲು ನೋಡಿ, "ಹೊತ್ತಾತು. ಹುಲ್ಲಿನ ಕಾಗಿ ಮಾಡಿ ಮುಟ್ಟಸೂಣು. ಅದೂ ನಡೀತದ," ಎನ್ನುತ್ತ ಮೆಟ್ಟಿಲಿಳಿದ.

"ಹುಲ್ಲು ಉಂಡ್ರ ನನ್ನ ಮಗ ಉಂಡಂಗಾಗ್ತದೇನ್ರಿ!" ಎಂದು ಕಮಳಾಬಾಯಿ ಎದೆ ಎದೆ ಬಡಿದುಕೊಂಡಳು.

ಪ್ರಣಿತಾ ಬಂದು ಆ ಕೈ ಹಿಡಿದುಕೊಂಡಳು. "ಹಂಗ ಬಡಕೋಬ್ಯಾಡ, ಯವ್ವಾ. ಕೇಳಿಲ್ಲಿ. ಕಾಲೇಜದಾಗ ನಮ್ಮ ಮೇಡಮ್ ಹೇಳಿದ್ರು. ಕೂಸು ಹೊಟ್ಟ್ಯಾಗ ಇದ್ದಾಗ ಅದರ ಪೇಶಿ ತಾಯಿ ರಕ್ತದಾಗ ಸೇರತಾವಂತ. ಪೇಶಿ ಅಂದ್ರ ಕಣ್ಣಿಗಿ ಕಾಣಲಾರದಂಥಾ ಜೀವದ ಕಣ. ಹಡದ ಮ್ಯಾಲೂ ಹೋಗಂಗಿಲ್ಲಂತ, ವರ್ಷಾನುಗಟ್ಲೆ ತಾಯಿ ಮೈಯಾಗ ಉಳೀತಾವಂತ. ತೀರಿಹ್ವಾದ ಮುದುಕ್ಯಾರ ಮಿದುಳು ನೋಡಿದ್ರ ಅದರಾಗ ಗಂಡಿನ ಅಂಶ ಸಿಕ್ಕದ. ಗಂಡಮಕ್ಕಳನ್ನ ಹೊತ್ತಾಗ ಬಂದಿದ್ದು ಇರಬೇಕಂತಾರ."

ಕಮಳಾಬಾಯಿ ಮಗಳ ಮುಖವನ್ನೇ ನೋಡಿದಳು. "ಅಂದ್ರ... ನಿತಿನ ನನ್ನೊಳಗ ಅದಾನ?"

"ಎಲ್ಲಾರೊಳಗೂ ಇರ್ತಾವಂತ ಖಾತ್ರಿ ಹೇಳಾಕ..." ಎಂದು ಶುರುಮಾಡಿದ ಪ್ರಣಿತಾ ತಾಯಿಯ ಕಣ್ಣು ನೋಡಿ ಅಲ್ಲಿಗೇ ನಿಲ್ಲಿಸಿದಳು. "ಅದಾನ, ಯವ್ವಾ."

ಕಮಳಾಬಾಯಿ ತನ್ನ ಅಂಗೈ, ಮೊಣಕೈ, ಒಣಗಿದ ಹೊಟ್ಟೆ ಎಲ್ಲವನ್ನೂ ಮುಟ್ಟಿ ನೋಡಿಕೊಂಡಳು. ಆಮೇಲೆ ಒಮ್ಮೆಲೇ ಅವಳ ಮುಖ ಕಪ್ಪಿಟ್ಟಿತು.

"ಅಯ್ಯೋ ನನ್ನ ಶಿವನೇ," ಎಂದಳು, "ಮೂರು ದಿನ ಆತು, ಅವನ್ನ ನಾನ ಉಪಾಸ ಕೆಡವೀನಿ!"

ಎಡೆಯನ್ನು ಎರಡೂ ಕೈಯಿಂದ ಎಳೆದುಕೊಂಡಳು. ಅಷ್ಟರಲ್ಲಿ ಹುಲ್ಲಿನ ಕಾಗೆ ಹಿಡಿದು ಮೇಲೆ ಬಂದ ಅಣ್ಣಾರಾಯ, "ಏ ಕಮಳಾ, ಏನು ಮಾಡಾಕತ್ತೀ? ಕಾಗಿ ಮುಟ್ಟಲಾರದ್ದು ಅದು!" ಎಂದು ಚೀರಿದ. ಖಂಡಪ್ಪ ಅಣ್ಣನ ರಟ್ಟೆ ಹಿಡಿದು ನಿಲ್ಲಿಸಿದ. "ಇರಲಿ ಬಿಡಣ್ಣಾ," ಎಂದ.

ಬಿಸಿಬಿಸಿ ಬಡಿದು ಎಡೆಗೆ ಇಟ್ಟಿದ್ದ ಭಾಕ್ರಿ ಆಗಲೇ ತಣ್ಣಗಾಗಿತ್ತು. ಮೊದಲ ತುತ್ತನ್ನು ನೀರು ಕುಡಿದು ಇಳಿಸಿದಳು. ಎರಡನೆಯದು ಇಳಿಯಿತು. ಕಣ್ಣೀರು, ಶೇಂಗಾ ಹಿಂಡಿ, ಭಾಕ್ರಿ ಎಲ್ಲ ಕಲಸಿಹೋದವು. ಅವಳು ಮೇಲೆ ನೋಡಲಿಲ್ಲ. ಮರದಲ್ಲಿ ಕಾಗೆಗಳು ಇದ್ದವೋ ಹೋದವೋ ಯಾರೂ ನೋಡಲಿಲ್ಲ.

ಬರಿದಾದ ಎಲೆಯನ್ನು ಮಗಳ ಕಡೆ ಸರಿಸಿ ಕಮಳಾಬಾಯಿ ಹೇಳಿದಳು: "ಇನ್ನೊಂದು ಭಾಕ್ರಿ ಬಡಕೊಂಡು ಬಾ ಹೋಗು, ಬಿಸೀದು. ಅಂವಗ ಒಂದರಾಗ ಹೊಟ್ಟಿ ತುಂಬಂಗಿಲ್ಲ."