ಓಲ್ಡ್ ಮ್ಯಾನ್‌ನ ಕೋಟು

ಒಣಹುಲ್ಲಿನ ವಾಸನೆ ಬಂದರೆ ನನಗೆ ಈಗಲೂ ಬೆಳಗಾವಿ ಕ್ಯಾಂಪಿನ ಒಂದು ಮಧ್ಯಾಹ್ನ ನೆನಪಾಗುತ್ತದೆ. ಡಿಸೆಂಬರಿನ ಕಡೇ ದಿನ. ಹಳೇ ವರ್ಷವೆಂದು ರಾತ್ರಿ ಸುಡುವ ‘ಓಲ್ಡ್ ಮ್ಯಾನ್’ ಬೊಂಬೆಗೆ ನಾವು ಓಣಿಯ ಹುಡುಗಿಯರು ಹುಲ್ಲು ತುಂಬುತ್ತಿದ್ದೆವು. ಆ ಬೇಸಿಗೆಯಲ್ಲಿ ತೀರಿಕೊಂಡ ಅಜ್ಜನ ಉಣ್ಣೆ ಕೋಟನ್ನು ಅಜ್ಜಿಯೇ ಕೊಟ್ಟಿದ್ದಳು.

ಬೊಂಬೆಯನ್ನು ಕಟ್ಟೆಯ ಮೇಲೆ ಕೂರಿಸಿದಾಗ ಅಜ್ಜಿ ಹೊರಬಂದು ಬಹಳ ಹೊತ್ತು ನೋಡಿದಳು. ಅದರ ಹಣೆಗೆ ವಿಭೂತಿ ಹಚ್ಚಿ, ಮಡಿಲಲ್ಲಿ ಶೇಂಗಾ ಹೋಳಿಗೆ ಇಟ್ಟಳು. “ಹೊರಟವ್ರನ್ನ ಬರಿಹೊಟ್ಟೀಲೆ ಕಳಸಬಾರದು” ಎಂದಳು.

ರಾತ್ರಿ ಸುಡಲೆಂದು ನಾವು ಬೊಂಬೆಯನ್ನು ಎತ್ತಲು ಹೋದಾಗ ತಡೆದಳು. ಒಂದೊಂದೇ ಗುಂಡಿ ಬಿಚ್ಚಿ ಕೋಟು ತೆಗೆದುಕೊಂಡಳು. “ನಮ್ಮವ್ರನ್ನ ಮಣ್ಣಾಗ ಇಡತೀವಿ, ಸುಡೂದಿಲ್ಲ ಯವ್ವಾ.”

ಓಲ್ಡ್ ಮ್ಯಾನ್ ಒಳಗಿನ ಹರಕು ಬನಿಯನ್ನಿನಲ್ಲೇ ಹೋದ. ಯುಗಾದಿಗೆ ಬೇವು-ಬೆಲ್ಲ ಕೊಡುವಾಗಲೂ ಅಜ್ಜಿಯ ಕೈಯಲ್ಲಿ ಕೋಟಿಗಂಟಿದ್ದ ಆ ಹುಲ್ಲಿನ ವಾಸನೆಯಿತ್ತು.